ಪ್ರಿನ್ಸಿಪಾಲರಿಗೆ ಬರೆದ ಅರ್ಜಿ: ಒಂದೇ ಥರ ಕಾಣುವ ಇಂಗ್ಲಿಷ್ ಪದಗಳನ್ನು ಬಿಡಿಸಿ ಓದುವುದು

ಒಂದು ಅರ್ಜಿಯಿಂದ ಶುರು ಮಾಡುತ್ತೇನೆ. ಗೆರೆ ಹಾಕಿದ ಹಾಳೆ, ನೀಲಿ ಇಂಕು, ದುಂಡಗಿನ ಅಕ್ಷರ. ವಿದ್ಯಾರ್ಥಿವೇತನ ಕೇಳಿ ಪ್ರಥಮ ಪಿಯುಸಿಯ ಹುಡುಗಿಯೊಬ್ಬಳು ಬರೆದದ್ದು. 'ಟು, ದಿ ಪ್ರಿನ್ಸಿಪಲ್' ಅಂತ ಮೊದಲ ಸಾಲು. ಆ ಪದದ ಕೊನೆಯಲ್ಲಿ ಪಿ-ಎ-ಎಲ್ ಬರಬೇಕಿತ್ತು. ಅವಳು ಪಿ-ಎಲ್-ಇ ಅಂತ ಬರೆದಿದ್ದಳು. ಕಚೇರಿಯಲ್ಲಿ ಯಾರೋ ಆ ಪದಕ್ಕೆ ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿ ವಾಪಸ್ ಕೊಟ್ಟಿದ್ದರು. ಯಾಕೆ ಅಂತ ಹೇಳಿರಲಿಲ್ಲ. ಅವಳು ಹೊಸ ಹಾಳೆಯಲ್ಲಿ ಇನ್ನೂ ಅಚ್ಚುಕಟ್ಟಾಗಿ ಅದನ್ನೇ ನಕಲು ಮಾಡಿ ಕೊಟ್ಟಳು. ಮತ್ತೆ ಸುತ್ತು, ಮತ್ತೆ ವಾಪಸ್. ಮೂರನೇ ದಿನ ಎರಡೂ ಹಾಳೆ ಹಿಡಿದುಕೊಂಡು ನನ್ನ ಹತ್ತಿರ ಬಂದಳು. 'ಇದರಲ್ಲಿ ತಪ್ಪೆಲ್ಲಿದೆ ಸರ್? ನಿಘಂಟಿನಲ್ಲಿ ನೋಡಿದೆ, ಈ ಪದ ಇದೆಯಲ್ಲ' ಅಂದಳು.

ಅವಳು ಹೇಳಿದ್ದು ನಿಜ. ಆ ಪದ ನಿಘಂಟಿನಲ್ಲಿ ಇದೆ. ಅರ್ಥ ಮಾತ್ರ ಬೇರೆ, ತತ್ವ ಅಂತ. ನಾನು ಎಲ್ಲ ಮೇಷ್ಟ್ರುಗಳ ಹಾಗೆ ಎರಡನ್ನೂ ಪಕ್ಕಪಕ್ಕ ಬರೆದು, 'ಬಾಯಿಪಾಠ ಮಾಡಿಕೋ' ಅಂದೆ. ಮಾಡಿಕೊಂಡಳು. ಮುಂದಿನ ವಾರ ಅಫೆಕ್ಟ್, ಎಫೆಕ್ಟ್ ಬಂತು. ಮತ್ತೆ ಬಾಯಿಪಾಠ. ಆಮೇಲೆ ಇನ್ನೊಂದು ಜೋಡಿ. ತಿಂಗಳು ಕಳೆಯುವುದರೊಳಗೆ ಎಲ್ಲವೂ ಅವಳ ತಲೆಯಲ್ಲಿ ಕಲಸಿಹೋಗಿದ್ದವು. ಕಲಿಸುವ ರೀತಿಯೇ ತಪ್ಪು ಅಂತ ನನಗೆ ಅನ್ನಿಸಿದ್ದು ಆಗ. ಒಂದೇ ಥರ ಕಾಣುವ ಎರಡು ವಸ್ತುಗಳನ್ನು ಪಕ್ಕಪಕ್ಕ ಇಟ್ಟು ನೋಡುತ್ತಾ ಕೂತರೆ ಅವು ಇನ್ನಷ್ಟು ಒಂದೇ ಥರ ಕಾಣುತ್ತವೆ. ಮಾಡಬೇಕಾದ್ದು ಬೇರೆ. ಒಂದೊಂದನ್ನೂ ಬಿಡಿಸಿ ಒಳಗೆ ಏನಿದೆ ಅಂತ ನೋಡಬೇಕು.

ಈ ಕೆಲಸ ನಮಗೆ ಹೊಸದಲ್ಲ. ನಮ್ಮ ಊರುಗಳಲ್ಲಿ ಹೋಟೆಲ್ ಬೋರ್ಡು ನೋಡಿರುತ್ತೀರಿ. ಕೆಲವು ಕಡೆ 'ಉಪಹಾರ ಗೃಹ', ಕೆಲವು ಕಡೆ 'ಉಪಾಹಾರ ಗೃಹ'. ಯಾವುದು ಸರಿ? ಬಿಡಿಸಿ ನೋಡಿ. ಉಪ ಮತ್ತು ಆಹಾರ ಸೇರಿದರೆ ಉಪಾಹಾರ, ಅಂದರೆ ಲಘು ಊಟ, ತಿಂಡಿ. ದೀರ್ಘ ಇಲ್ಲದ ಉಪಹಾರ ಅಂದರೆ ಕಾಣಿಕೆ, ಉಡುಗೊರೆ. ಒಮ್ಮೆ ಬಿಡಿಸಿದ ಮೇಲೆ ಯಾರಾದರೂ ಮರೆಯುತ್ತಾರಾ?

ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ. ಹಾರ ಅನ್ನುವ ಒಂದೇ ತುಂಡಿನ ಮುಂದೆ ಬೇರೆ ಬೇರೆ ಉಪಸರ್ಗ ಹಾಕಿದರೆ ಆಹಾರ, ಪ್ರಹಾರ, ಸಂಹಾರ, ವಿಹಾರ, ಪರಿಹಾರ. ಕೇಳಲು ಎಲ್ಲ ಅಣ್ಣತಮ್ಮಂದಿರ ಹಾಗಿವೆ. ಆದರೆ ಮಳೆ ಬಂದು ಬೆಳೆ ಹೋದಾಗ ರೈತ 'ಬೆಳೆ ಪರಿಹಾರ ಕೊಡಿ' ಅಂತಾನೆಯೇ ಹೊರತು 'ಬೆಳೆ ಪ್ರಹಾರ ಕೊಡಿ' ಅನ್ನುವುದಿಲ್ಲ. ಪೊಲೀಸರು ಮಾಡುವುದು ಲಾಠಿ ಪ್ರಹಾರ, ಲಾಠಿ ವಿಹಾರ ಅಲ್ಲ. ಈ ವ್ಯತ್ಯಾಸ ನಮ್ಮ ಕಿವಿಗೆ ಚಿಕ್ಕಂದಿನಿಂದಲೇ ಗೊತ್ತು. ಇಂಗ್ಲಿಷಿನ ಲ್ಯಾಟಿನ್ ಮೂಲದ ಪದಗಳೂ ಹೀಗೇ ಕಟ್ಟಿದವು. ಮುಂದೆ ಒಂದು ಉಪಸರ್ಗ, ಹಿಂದೆ ಒಂದು ಧಾತು. ಕನ್ನಡ ಮಾಧ್ಯಮದಲ್ಲಿ ಓದಿದ್ದೇವೆ, ನಮಗೆ ಇದೆಲ್ಲ ಕಷ್ಟ ಅಂತ ಅಂದುಕೊಂಡವರು ಇಲ್ಲಿ ಜಾಸ್ತಿ ಇದ್ದೀರಿ. ಈ ಒಂದು ವಿಷಯದಲ್ಲಿ ನಿಮ್ಮ ಕೈಯಲ್ಲಿರುವ ಸಲಕರಣೆ ಒಳ್ಳೆಯದೇ ಇದೆ.

ಅದಕ್ಕೆ ಕಾರಣವೂ ಇದೆ. ಸಂಸ್ಕೃತ, ಗ್ರೀಕ್, ಲ್ಯಾಟಿನ್ ಮೂರೂ ಒಂದೇ ಮೂಲದಿಂದ ಬಂದಿರಬೇಕು ಅಂತ ವಿಲಿಯಂ ಜೋನ್ಸ್ 1786ರಲ್ಲಿ ಕಲ್ಕತ್ತಾದ ಏಷ್ಯಾಟಿಕ್ ಸೊಸೈಟಿಯಲ್ಲಿ ಹೇಳಿದರು. ಕನ್ನಡ ಆ ಮನೆತನದ ಭಾಷೆ ಅಲ್ಲ, ಅದು ದ್ರಾವಿಡ ಭಾಷೆ. ಆದರೆ ಸಂಸ್ಕೃತದಿಂದ ಸಾವಿರಾರು ಪದ ತೆಗೆದುಕೊಂಡಿದೆ, ಅವುಗಳ ಜೊತೆ ಉಪಸರ್ಗಗಳೂ ಬಂದಿವೆ. ಲ್ಯಾಟಿನ್ನಿನ 'ಪ್ರೊ' ನಮ್ಮ 'ಪ್ರ'ದ ನೆಂಟ. 'ಸೂಪರ್' ನಮ್ಮ 'ಉಪರಿ'ಯ ನೆಂಟ. 'ಇಂಟರ್' ನಮ್ಮ 'ಅಂತರ್'.

ಈಗ ಒಂದು ಜೋಡಿ ಬಿಡಿಸೋಣ. ಪ್ರಿಸ್ಕ್ರೈಬ್, ಪ್ರೊಸ್ಕ್ರೈಬ್. ಮೊದಲನೆಯದು ಎಲ್ಲರಿಗೂ ಗೊತ್ತು, ಡಾಕ್ಟರ್ ಬರೆದುಕೊಡುವುದು. ಎರಡನೆಯದು ಪತ್ರಿಕೆಯಲ್ಲಿ ಬರುತ್ತದೆ, 'ಪ್ರೊಸ್ಕ್ರೈಬ್ಡ್ ಆರ್ಗನೈಜೇಷನ್' ಅಂತ. ಅಂದರೆ ನಿಷೇಧಿತ ಸಂಘಟನೆ. ಒಂದು 'ಬರೆದುಕೊಡು', ಇನ್ನೊಂದು 'ನಿಷೇಧಿಸು'. ಎರಡರಲ್ಲೂ ಧಾತು ಒಂದೇ, ಸ್ಕ್ರೀಬೆರೆ, ಬರೆ ಅಂತ. ಹಾಗಾದರೆ ಬರೆಯುವುದು ನಿಷೇಧ ಹೇಗಾಯಿತು?

ರೋಮ್ ನಗರಕ್ಕೆ ಹೋಗಬೇಕು. ಕ್ರಿ.ಪೂ. 82ರಲ್ಲಿ ಸುಲ್ಲಾ ಎಂಬ ಸೇನಾಪತಿ ಅಂತರ್ಯುದ್ಧ ಗೆದ್ದು ಊರನ್ನು ಹಿಡಿತಕ್ಕೆ ತೆಗೆದುಕೊಂಡ. ತನ್ನ ವೈರಿಗಳ ಹೆಸರುಗಳ ಪಟ್ಟಿ ಮಾಡಿಸಿ ಊರ ನಡುವಿನ ಚೌಕದಲ್ಲಿ ಎಲ್ಲರಿಗೂ ಕಾಣುವ ಹಾಗೆ ಹಾಕಿಸಿದ. ಪಟ್ಟಿಯಲ್ಲಿ ಹೆಸರಿದ್ದವನನ್ನು ಯಾರು ಬೇಕಾದರೂ ಕೊಲ್ಲಬಹುದಿತ್ತು. ಕೊಂದವನಿಗೆ ಬಹುಮಾನ. ಸತ್ತವನ ಆಸ್ತಿ ಹರಾಜು. ಅವನ ಮಕ್ಕಳು ಅಧಿಕಾರದ ಹುದ್ದೆಗೆ ನಿಲ್ಲುವ ಹಾಗಿರಲಿಲ್ಲ. ಬೆಳಿಗ್ಗೆ ಎದ್ದು ಚೌಕಕ್ಕೆ ಹೋಗಿ ತನ್ನ ಹೆಸರು ಬಂದಿದೆಯಾ ಅಂತ ಹುಡುಕುವ ಮನುಷ್ಯನನ್ನು ಸ್ವಲ್ಪ ಕಣ್ಣಮುಂದೆ ತಂದುಕೊಳ್ಳಿ. ಹೀಗೆ ಹೆಸರನ್ನು ಬಹಿರಂಗವಾಗಿ ಬರೆದು ಹಾಕುವುದೇ ಪ್ರೊಸ್ಕ್ರೈಬ್. ಆ 'ಪ್ರೊ' ನಮ್ಮ ಪ್ರಕಟ, ಪ್ರಸಾರ, ಪ್ರಚಾರದಲ್ಲಿರುವ 'ಪ್ರ'ದ ಹಾಗೆ, ಹೊರಗೆ, ಎಲ್ಲರ ಮುಂದೆ. ಸುಮಾರು 40 ವರ್ಷದ ನಂತರ, ಕ್ರಿ.ಪೂ. 43ರಲ್ಲಿ, ಇಂಥದ್ದೇ ಇನ್ನೊಂದು ಪಟ್ಟಿ ಬಂತು. ರೋಮಿನ ಅತಿ ದೊಡ್ಡ ಮಾತುಗಾರ ಸಿಸೆರೊ ಪ್ರಾಣ ಬಿಟ್ಟದ್ದು ಆ ಪಟ್ಟಿಯಿಂದ.

ಪ್ರಿಸ್ಕ್ರೈಬ್‌ನ 'ಪ್ರಿ' ಅಂದರೆ ಮುಂಚೆ. ಮೊದಲೇ ಬರೆದಿಟ್ಟದ್ದು. ಡಾಕ್ಟರ್ ಮೊದಲು ಬರೆಯುತ್ತಾರೆ, ಮೆಡಿಕಲ್ ಶಾಪಿನವರು ಆಮೇಲೆ ಕೊಡುತ್ತಾರೆ. ಅಂದಹಾಗೆ, ಡಾಕ್ಟರ್ ಚೀಟಿಯ ಮೇಲ್ಗಡೆ ಆರ್ ಅಕ್ಷರದ ಕಾಲಿಗೆ ಅಡ್ಡಗೀಟು ಎಳೆದ ಗುರುತು ಇರುತ್ತದಲ್ವಾ? ಅದು ಲ್ಯಾಟಿನ್ನಿನ 'ರೆಕಿಪೆ', 'ತೆಗೆದುಕೋ' ಅಂತ ಅರ್ಥ. ಅಡುಗೆ ವಿಡಿಯೋಗಳಲ್ಲಿ ಬರುವ ರೆಸಿಪಿಯೂ ಅದೇ ಪದ. ಮೊದಲು ಔಷಧಿಗೆ ಇತ್ತು, ಆಮೇಲೆ ಸಾರಿಗೂ ಪಲ್ಯಕ್ಕೂ ಬಂತು.

ಈ ಎರಡು ಪದ ಒಂದೇ ಪುಸ್ತಕಕ್ಕೆ ಅಂಟಿಕೊಂಡದ್ದೂ ಇದೆ. ಗಾಂಧೀಜಿಯವರ 'ಹಿಂದ್ ಸ್ವರಾಜ್' ಗುಜರಾತಿಯಲ್ಲಿ ಬಂದಾಗ ಬ್ರಿಟಿಷ್ ಸರ್ಕಾರ 1910ರಲ್ಲಿ ಅದನ್ನು ನಿಷೇಧಿಸಿತು, ಪ್ರೊಸ್ಕ್ರೈಬ್ ಮಾಡಿತು. ಈಗ ಅದೇ ಪುಸ್ತಕ ವಿಶ್ವವಿದ್ಯಾಲಯಗಳಲ್ಲಿ ಪಠ್ಯ, ಪ್ರಿಸ್ಕ್ರೈಬ್ಡ್. ನಡುವೆ ವ್ಯತ್ಯಾಸ ಒಂದು ಸಣ್ಣ ಉಪಸರ್ಗದ್ದು.

ಇದಕ್ಕಿಂತ ಅಪಾಯದ ಜೋಡಿ ಒಂದಿದೆ. ಪ್ರಾಸಿಕ್ಯೂಷನ್, ಪರ್ಸಿಕ್ಯೂಷನ್. ಧಾತು ಒಂದೇ, ಸೆಕ್ವಿ, ಹಿಂಬಾಲಿಸು. ಪ್ರೊ ಹಾಕಿದರೆ ಒಂದು ಕೆಲಸದ ಹಿಂದೆ ಬಿದ್ದು ಮುಂದಕ್ಕೆ ನಡೆಸುವುದು. ಕೋರ್ಟಿನಲ್ಲಿ ಪಬ್ಲಿಕ್ ಪ್ರಾಸಿಕ್ಯೂಟರ್ ಮಾಡುವುದು ಅದನ್ನೇ, ಕೇಸು ನಡೆಸುವುದು. 'ಪರ್' ಅಂದರೆ ಕೊನೆಯವರೆಗೂ, ಬಿಡದೆ. ಬೆನ್ನು ಬಿಡದೆ ಕಾಡುವುದು, ಜಾತಿ, ಧರ್ಮ, ಅಭಿಪ್ರಾಯಗಳ ಕಾರಣಕ್ಕೆ ಹಿಂಸಿಸುವುದು ಪರ್ಸಿಕ್ಯೂಷನ್.

ಇದು ಬರೀ ಸ್ಪೆಲ್ಲಿಂಗ್ ವಿಷಯ ಅಲ್ಲ. ನಿರಾಶ್ರಿತ ಅಂದರೆ ಯಾರು ಅಂತ 1951ರ ವಿಶ್ವಸಂಸ್ಥೆಯ ಒಪ್ಪಂದ ಹೇಳುವಾಗ ಪರ್ಸಿಕ್ಯೂಷನ್ನಿನ ಭಯ ಅನ್ನುವುದನ್ನೇ ಮುಖ್ಯವಾಗಿ ಹಿಡಿದಿದೆ. ಪರ್ಸಿಕ್ಯೂಷನ್‌ಗೆ ಹೆದರಿ ದೇಶ ಬಿಟ್ಟು ಬಂದವನು ನಿರಾಶ್ರಿತ. ಪ್ರಾಸಿಕ್ಯೂಷನ್‌ಗೆ ಹೆದರಿ ಬಂದವನು, ಬೇರೇನೂ ಕಾರಣ ಇಲ್ಲದಿದ್ದರೆ, ತಲೆಮರೆಸಿಕೊಂಡ ಆರೋಪಿ. ಒಬ್ಬನ ಅರ್ಜಿಯಲ್ಲಿ ಈ ಪದ ಅದಲುಬದಲಾದರೆ ಅವನ ಕಥೆಯೇ ಬದಲಾಗಿಬಿಡುತ್ತದೆ. ಅದಕ್ಕೇ ಈ ಜೋಡಿಯ ಮುಂದೆ ನಾನು ಸ್ವಲ್ಪ ಹೊತ್ತು ನಿಲ್ಲುತ್ತೇನೆ.

ಈಗ ಸ್ಪೆಲ್ಲಿಂಗ್‌ಗೆ ಬರೋಣ. ಇಂಗ್ಲಿಷ್ ಪದಗಳಲ್ಲಿ ಎಲ್ಲಿ ಒಂದು ಎಂ, ಎಲ್ಲಿ ಎರಡು ಎಂ? ಇದಕ್ಕೆ ಉತ್ತರ ನೀವು ಹೈಸ್ಕೂಲಿನಲ್ಲೇ ಓದಿದ್ದೀರಿ. ಉತ್ ಮತ್ತು ಲೇಖ ಸೇರಿದರೆ ಉತ್‌ಲೇಖ ಅನ್ನುತ್ತೀರಾ? ಉಲ್ಲೇಖ. ಸತ್ ಮತ್ತು ಜನ ಸಜ್ಜನ. ಜಗತ್ ಮತ್ತು ನಾಥ ಜಗನ್ನಾಥ. ಮುಂದಿನ ಅಕ್ಷರ ಹಿಂದಿನದನ್ನು ತನ್ನ ಹಾಗೆ ಮಾಡಿಕೊಂಡು ಒತ್ತಕ್ಷರ ಆಗುತ್ತದೆ. ಲ್ಯಾಟಿನ್ನಿನಲ್ಲೂ ಇದೇ ಸಂಧಿ. 'ಇನ್' ಮತ್ತು ಮಿಗ್ರೇಟ್ ಸೇರಿ ಇಮ್ಮಿಗ್ರೇಟ್, ಎರಡು ಎಂ. 'ಎಕ್ಸ್' ಅಂದರೆ ಹೊರಗೆ. ಅದು ಎಂ, ಎಲ್ ಮುಂತಾದವುಗಳ ಮುಂದೆ ಬರೀ 'ಇ' ಆಗಿ ಸವೆದುಹೋಗುತ್ತದೆ. ಹಾಗಾಗಿ ಎಮಿಗ್ರೇಟ್, ಒಂದೇ ಎಂ. ಐ ಇದ್ದರೆ ಒಳಗೆ ಮತ್ತು ಎರಡು ಎಂ. ಇ ಇದ್ದರೆ ಹೊರಗೆ ಮತ್ತು ಒಂದು ಎಂ. ಅರ್ಥ, ಸ್ಪೆಲ್ಲಿಂಗ್ ಎರಡೂ ಒಟ್ಟಿಗೆ ಸಿಕ್ಕಿತು.

ಮಂಗಳೂರು, ಉಡುಪಿ ಕಡೆಯಿಂದ ಗಲ್ಫ್‌ಗೆ ಹೋಗುವವರಿಗೆ ಇಸಿಆರ್ ಪಾಸ್‌ಪೋರ್ಟ್ ಅನ್ನುವ ಮಾತು ಚೆನ್ನಾಗಿ ಗೊತ್ತು. ಹತ್ತನೇ ತರಗತಿ ಪಾಸಾಗದೆ ಕೆಲಸಕ್ಕೆ ಹೋಗುವವರ ಪಾಸ್‌ಪೋರ್ಟಿನಲ್ಲಿ ಸಾಮಾನ್ಯವಾಗಿ ಇರುವ ಮುದ್ರೆ. ಅಲ್ಲಿನ 'ಇ' ಎಮಿಗ್ರೇಷನ್. ದೇಶದಿಂದ ಹೊರಗೆ ದುಡಿಯಲು ಹೋಗುವವರಿಗೆ ಮೋಸ ಆಗದಿರಲಿ ಅಂತ ಮಾಡಿದ ತಪಾಸಣೆ. ಅದರ ಕಾಯ್ದೆ 1983ರ ಎಮಿಗ್ರೇಷನ್ ಆಕ್ಟ್. ಎಷ್ಟೋ ಜನ ಅದನ್ನು ಇಮಿಗ್ರೇಷನ್ ಅಂತಲೇ ಬರೆಯುತ್ತಾರೆ. ದುಬೈಯಲ್ಲಿ ವಿಮಾನ ಇಳಿದ ಮೇಲೆ ಅಲ್ಲಿನವರು ನೋಡುವುದು ಇಮಿಗ್ರೇಷನ್.

ಇದೇ ಬೀಗದ ಕೈಯಿಂದ ಇನ್ನೂ ನಾಲ್ಕು ಬಾಗಿಲು ತೆರೆಯುತ್ತವೆ. ಎಮಿನೆಂಟ್, ಇ ಮತ್ತು ಒಂದು ಎಂ, ಹೊರಗೆ ಚಾಚಿಕೊಂಡು ಎದ್ದು ಕಾಣುವವರು, ಹೆಸರಾಂತರು. ಇಮ್ಮಿನೆಂಟ್, ಐ ಮತ್ತು ಎರಡು ಎಂ, ತಲೆಯ ಮೇಲೆ ಬಾಗಿ ನಿಂತಿರುವುದು. ಘಾಟಿ ರಸ್ತೆಯಲ್ಲಿ ಮಳೆಗಾಲದಲ್ಲಿ ಹೋಗುವಾಗ ಮೇಲೆ ಒಂದು ಬಂಡೆ ಈಗಲೋ ಆಗಲೋ ಅನ್ನುವ ಹಾಗೆ ನಿಂತಿರುತ್ತದೆ ನೋಡಿ, ಅದು. ಎಲಿಸಿಟ್ ಅಂದರೆ ಉತ್ತರವನ್ನು ಹೊರಗೆಳೆಯುವುದು, ಒಂದು ಎಲ್. ಇಲ್ಲಿಸಿಟ್ ಅಂದರೆ ಅಕ್ರಮ, ಎರಡು ಎಲ್. ಇಲ್ಲಿ ಧಾತುವೂ ಬೇರೆ, ಇಲ್ಲಿಸಿಟ್‌ನ 'ಇನ್' ಕೂಡ 'ಒಳಗೆ' ಅಲ್ಲ, 'ಇಲ್ಲ' ಅಂತ. ಇಲ್ಲಿಸಿಟ್‌ನ ಒಳಗೆ ಇರುವುದು ಲೈಸೆನ್ಸ್‌ನ ಧಾತು, 'ಅನುಮತಿ ಇದೆ' ಅಂತ. ಲೈಸೆನ್ಸ್ ಇಲ್ಲದ್ದು ಇಲ್ಲಿಸಿಟ್. ಕಳ್ಳಬಟ್ಟಿ ಸಾರಾಯಿಗೆ ಪೊಲೀಸ್ ವರದಿಯಲ್ಲಿ ಹಾಕುವ ಪದ ಇದೇ.

ಒಂದು ಎಚ್ಚರಿಕೆ. ಎಫ್ ಅಕ್ಷರದ ಮುಂದೆ 'ಎಕ್ಸ್' ಸವೆಯುವುದಿಲ್ಲ, ಅದೂ ಎಫ್ ಆಗುತ್ತದೆ. ಅದಕ್ಕೇ ಎಫೆಕ್ಟ್‌ನಲ್ಲಿ ಎರಡು ಎಫ್. ಅಫೆಕ್ಟ್‌ನಲ್ಲಿ ಇರುವುದು 'ಆಡ್', ಕಡೆಗೆ ಅಂತ. ಧಾತು ಎರಡಕ್ಕೂ ಫಾಕೆರೆ, ಮಾಡು. ಒಂದರ ಕಡೆಗೆ ಏನೋ ಮಾಡುವುದು ಅಫೆಕ್ಟ್. ಮಾಡಿದ್ದರಿಂದ ಹೊರಬಂದದ್ದು ಎಫೆಕ್ಟ್. ಮಳೆ ಬೆಳೆಯನ್ನು ಅಫೆಕ್ಟ್ ಮಾಡಿತು, ಬೆಲೆ ಏರಿದ್ದು ಅದರ ಎಫೆಕ್ಟ್. ನಾವು ಮಾತಿನಲ್ಲಿ ಎರಡಕ್ಕೂ 'ಎಫೆಕ್ಟ್ ಆಯ್ತು' ಅಂತಲೇ ಹೇಳುವುದರಿಂದ ಬರೆಯುವಾಗ ಗೊಂದಲ. ಸರ್ಕಾರಿ ಆದೇಶದಲ್ಲಿ 'ವಿತ್ ಎಫೆಕ್ಟ್ ಫ್ರಮ್' ಅಂತ ಬರುವುದೂ ಎಫೆಕ್ಟ್, ಆದೇಶ ಹೊರಬಂದು ಜಾರಿಯಾಗುವ ದಿನ.

'ಆಡ್' ಉಪಸರ್ಗದ ಮಾತು ಬಂತು. ಬೆಂಗಳೂರಿನ ಬೀದಿ ಬೀದಿಯಲ್ಲಿ 'ಪಿಜಿ ಅಕಾಮಡೇಷನ್' ಅಂತ ಬೋರ್ಡು. ಅದರಲ್ಲಿ ಒಂದು ಎಂ ಕಾಣೆಯಾಗಿರುವುದು ತೀರಾ ಸಾಮಾನ್ಯ. ಬಿಡಿಸಿ. ಆಡ್, ಕಾಮ್, ಮೋಡುಸ್. ಮೋಡುಸ್ ಅಂದರೆ ಅಳತೆ. ಆಡ್‌ನ ಡಿ ಮುಂದಿನ ಸಿ ಆಗಿ ಎರಡು ಸಿ. ಕಾಮ್‌ನ ಎಂ, ಮೋಡುಸ್‌ನ ಎಂ ಸೇರಿ ಎರಡು ಎಂ. ಇನ್ನು ಒಂದನ್ನೂ ಕಡಿಮೆ ಬರೆಯಲು ಕೈ ಬರುವುದಿಲ್ಲ.

ಅಲ್ಯೂಡ್, ಎಲ್ಯೂಡ್, ಇಲ್ಯೂಷನ್ ನೀವೇ ಬಿಡಿಸಬಲ್ಲಿರಿ. ಧಾತು ಮಾತ್ರ ಹೇಳುತ್ತೇನೆ, ಲೂಡೆರೆ, ಆಡು. 'ಲೂಡೊ' ಅಂದರೆ ಲ್ಯಾಟಿನ್ನಿನಲ್ಲಿ 'ನಾನು ಆಡುತ್ತೇನೆ'. ಹೌದು, ಮೊಬೈಲಿನಲ್ಲಿ ಆಡುವ ಲೂಡೊ. 19ನೇ ಶತಮಾನದ ಕೊನೆಯಲ್ಲಿ ಇಂಗ್ಲೆಂಡಿನಲ್ಲಿ ಆ ಹೆಸರಿಟ್ಟು ಮಾರಿದರು. ಆಟ ಮಾತ್ರ ಇಲ್ಲಿಯದು, ಪಚ್ಚೀಸಿ, ನಮ್ಮ ಪಗಡೆಯ ಬಳಗದ್ದು.

ಇನ್ನು ಸೂಪರ್‌ಸೀಡ್. ನಗರಸಭೆ ಸೂಪರ್‌ಸೀಡ್ ಆಯ್ತು, ಆಡಳಿತಾಧಿಕಾರಿ ಬಂದರು ಅಂತ ಸುದ್ದಿ ಓದುತ್ತೇವೆ. ಇಂಗ್ಲಿಷಿನಲ್ಲಿ ಕೊನೆಗೆ ಸೀಡ್ ಅಂತ ಕೇಳಿಸುವ ಕ್ರಿಯಾಪದಗಳ ಒಂದು ಗುಂಪಿದೆ. ಪ್ರೊಸೀಡ್, ಎಕ್ಸೀಡ್, ಸಕ್ಸೀಡ್ ಈ ಮೂರಕ್ಕೆ ಮಾತ್ರ ಸಿ-ಇ-ಇ-ಡಿ. ಪ್ರಿಸೀಡ್, ರಿಸೀಡ್, ಕನ್ಸೀಡ್ ಮುಂತಾದವಕ್ಕೆ ಸಿ-ಇ-ಡಿ-ಇ. ಎಲ್ಲದರ ಧಾತು ಕೇಡೆರೆ, ಹೋಗು, ಬಿಟ್ಟುಕೊಡು. ಸೂಪರ್‌ಸೀಡ್ ಮಾತ್ರ ಎಸ್-ಇ-ಡಿ-ಇ. ಇಡೀ ಗುಂಪಿನಲ್ಲಿ ಅದೊಂದೇ. ಯಾಕೆಂದರೆ ಅದು ಆ ಮನೆಯ ಮಗುವೇ ಅಲ್ಲ. ಅದರ ಧಾತು ಸೆಡೆರೆ, ಕೂರು. ನಮ್ಮ 'ಸದ್' ಅದರ ನೆಂಟ. ಸದನ, ಸಂಸತ್ತು, ಪರಿಷತ್ತು, ಉಪನಿಷತ್ತು, ಎಲ್ಲ ಕೂರುವುದರಿಂದಲೇ ಬಂದವು. ಸೂಪರ್ ಅಂದರೆ ಉಪರಿ, ಸೆಡೆ ಅಂದರೆ ಸದ್. ಮೇಲೆ ಬಂದು ಕೂರುವುದು. ಹಳೆಯದರ ಮೇಲೆ ಹೊಸದು ಬಂದು ಕೂತರೆ ಸೂಪರ್‌ಸೀಡ್. ಸದನದ ಸ ನೆನಪಿಟ್ಟುಕೊಂಡರೆ ಎಸ್ ತಾನಾಗಿ ಬರುತ್ತದೆ. ಇಂಗ್ಲಿಷರೇ ನೂರಾರು ವರ್ಷಗಳಿಂದ ಇದಕ್ಕೆ ಸಿ ಹಾಕಿ ತಪ್ಪು ಬರೆಯುತ್ತಾ ಬಂದಿದ್ದಾರೆ.

ಬಿಡಿಸಿದರೂ ಉಪಯೋಗ ಆಗದ ಜೋಡಿಗಳಿವೆ, ಅದನ್ನೂ ಹೇಳಿಬಿಡಬೇಕು. ಸ್ಟೇಷನರಿ ನೋಡಿ. ಎ-ಆರ್-ವೈ ಇದ್ದರೆ ನಿಂತಲ್ಲೇ ನಿಂತದ್ದು, ಇ-ಆರ್-ವೈ ಇದ್ದರೆ ಪೆನ್ನು, ಪುಸ್ತಕ. ಎರಡರ ಬೇರೂ ಒಂದೇ, ನಿಲ್ಲು, ನಮ್ಮ 'ಸ್ಥಾ'. ಮಧ್ಯಯುಗದ ಯುರೋಪಿನಲ್ಲಿ ವ್ಯಾಪಾರಿಗಳು ಹೆಚ್ಚಾಗಿ ತಿರುಗಾಡಿಕೊಂಡು ಮಾರುತ್ತಿದ್ದರು, ನಮ್ಮ ಕಡೆ ಸೋಮವಾರ ಒಂದು ಊರಿನ ಸಂತೆ, ಮಂಗಳವಾರ ಇನ್ನೊಂದು ಊರಿನ ಸಂತೆ ಅನ್ನುವ ಹಾಗೆ. ವಿಶ್ವವಿದ್ಯಾಲಯಗಳ ಹತ್ತಿರ ಪುಸ್ತಕ ಮಾರುವವರು ಮಾತ್ರ ಒಂದೇ ಕಡೆ ಅಂಗಡಿ ಇಟ್ಟಿದ್ದರು. ನಿಂತ ಅಂಗಡಿಯವನು, ಸ್ಟೇಷನರ್. ಅವನು ಮಾರುವುದು ಸ್ಟೇಷನರಿ. ಲಂಡನ್ನಿನಲ್ಲಿ ಅವರ ಸಂಘ 1403ರಲ್ಲೇ ಹುಟ್ಟಿತು. ಕಥೆ ಚೆನ್ನಾಗಿದೆ, ಆದರೆ ಸ್ಪೆಲ್ಲಿಂಗ್‌ಗೆ ಸಹಾಯ ಆಗಲ್ಲ. ಅದಕ್ಕೆ 'ಪೇಪರ್' ಪದದ ಕೊನೆಯ ಇ-ಆರ್ ನೆನಪಿಡಿ.

ಕೌನ್ಸಿಲ್, ಕೌನ್ಸೆಲ್ ಜೋಡಿಗೆ ಕನ್ನಡದಲ್ಲೇ ಒಂದು ಗುರುತಿದೆ. ನಡುವೆ ಎಸ್ ಇದ್ದರೆ ಸಲಹೆ. ಸಿಇಟಿ ಆದ ಮೇಲೆ ನಡೆಯುವ ಕೌನ್ಸೆಲಿಂಗ್ ಇದು. ಸಿ ಇದ್ದರೆ ಕರೆದು ಸೇರಿಸಿದ ಸಭೆ. ವಿಧಾನ ಪರಿಷತ್ತು, ಲೆಜಿಸ್ಲೇಟಿವ್ ಕೌನ್ಸಿಲ್. ಲ್ಯಾಟಿನ್ನಿನ ಕಲಾರೆ ಅಂದರೆ ಕರೆ, ಅಲ್ಲಿ ಸಿ ಅಕ್ಷರದ ಉಚ್ಚಾರ ಕ.

ಇನ್ನೊಂದು ಪದ ನೋಡಿ ಹೆದರಬೇಡಿ. ಪೆಟ್ರೋಲ್ ಟ್ಯಾಂಕರಿನ ಹಿಂದೆ 'ಹೈಲಿ ಇನ್‌ಫ್ಲಾಮಬಲ್' ಅಂತ ಬರೆದಿರುತ್ತದೆ. 'ಇನ್' ಇದೆ, ಹಾಗಾಗಿ ಬೆಂಕಿ ಹತ್ತದ್ದು ಅಂತ ಅರ್ಥ ಮಾಡಿದರೆ ಪ್ರಾಣಕ್ಕೇ ಕುತ್ತು. ಲ್ಯಾಟಿನ್ನಿನಲ್ಲಿ 'ಇನ್' ಎರಡಿವೆ. ಒಂದು 'ಅಲ್ಲ', ನಮ್ಮ ಅನುಚಿತ, ಅನಗತ್ಯದ 'ಅನ್' ಇದ್ದ ಹಾಗೆ. ಇನ್ನೊಂದು 'ಒಳಗೆ'. ಇದು ಎರಡನೆಯದು, ಬೆಂಕಿಯೊಳಕ್ಕೆ ಹೋಗುವಂಥದ್ದು. ಈ ಗೊಂದಲ ಬೇಡ ಅಂತಲೇ ಈಗ ಎಷ್ಟೋ ಕಡೆ ಬರೀ 'ಫ್ಲಾಮಬಲ್' ಅಂತ ಬರೆಯುತ್ತಾರೆ. ಬಿಡಿಸುವುದು ಗೊತ್ತಿದ್ದರೂ ನಿಘಂಟು ಪಕ್ಕದಲ್ಲೇ ಇರಲಿ.

ಪ್ರಿನ್ಸಿಪಾಲರನ್ನು ಮರೆತಿಲ್ಲ. ಆ ಜೋಡಿಯೂ ಒಂದೇ ಬೇರಿನದು, ಮೊದಲು ಅಂತ. ಆದರೆ ಅದನ್ನು ಬಿಡಿಸುವುದಕ್ಕಿಂತ ಸುಲಭದ ದಾರಿ ನಮ್ಮ ಬಾಯಲ್ಲೇ ಇದೆ. ನಾವು ಇಂಗ್ಲಿಷರ ಹಾಗೆ 'ಪ್ರಿನ್ಸಿಪಲ್' ಅನ್ನುವುದಿಲ್ಲ, 'ಪ್ರಿನ್ಸಿಪಾಲರು' ಅಂತೇವೆ. ಆ 'ಪಾ' ದೀರ್ಘವೇ ಪಿ-ಎ. ಬ್ಯಾಂಕಿನ ಸಾಲದಲ್ಲಿ ಬಡ್ಡಿ ಬಿಟ್ಟು ಉಳಿಯುವ ಅಸಲಿಗೂ ಇದೇ ಸ್ಪೆಲ್ಲಿಂಗ್. ಪ್ರಿನ್ಸಿಪಾಲರಲ್ಲಿ ಪಾ, ಅಸಲಿನಲ್ಲಿ ಅ, ಎರಡಕ್ಕೂ ಎ. ಆ ಹುಡುಗಿಗೆ ಇದನ್ನು ಹೇಳಿದ ಮೇಲೆ ಅವಳು ಅರ್ಜಿ ಬರೆಯುವಾಗ ಪದವನ್ನು ಸಣ್ಣಗೆ ಕನ್ನಡದಲ್ಲಿ ಹೇಳಿಕೊಳ್ಳುತ್ತಿದ್ದಳು.

ಮುಂದಿನ ಸಾಲಿನಿಂದ ಒಂದು ಚೀಟಿ ಬಂದಿದೆ. 'ಪ್ರಿಪೋನ್ ಸರಿಯಾದ ಇಂಗ್ಲಿಷಾ?' ಅಂತ. ಈಗ ನೀವೇ ಬಿಡಿಸಿ. ಪ್ರಿ, ಮುಂಚೆ. ಪೋನೆರೆ, ಇಡು. ಪೋಸ್ಟ್‌ಪೋನ್ ಅಂದರೆ ಆಮೇಲಕ್ಕೆ ಇಡುವುದು, ಪ್ರಿಪೋನ್ ಅಂದರೆ ಮುಂಚೆಗೆ ಇಡುವುದು. ನಮ್ಮ ದೇಶದವರು ಬಳಕೆಗೆ ತಂದ ಅರ್ಥ ಇದು, ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿನಲ್ಲೂ ಸೇರಿದೆ. ಕಟ್ಟಿರುವ ರೀತಿಯಲ್ಲಿ ಒಂದು ಚೂರೂ ತಪ್ಪಿಲ್ಲ. ಇಲ್ಲಿ ಧೈರ್ಯವಾಗಿ ಬರೆಯಿರಿ. ಇಂಗ್ಲೆಂಡಿನವರಿಗೋ ಅಮೆರಿಕದವರಿಗೋ ಬರೆಯುವಾಗ ಅವರಿಗೆ ಅರ್ಥವಾಗದೆ ಇರಬಹುದು, ಆಗ 'ಬ್ರಿಂಗ್ ಫಾರ್ವರ್ಡ್' ಅಂತ ಹಾಕಿ.